ಹಗೇವಿನ ಮೇಲಿನ ಫರಸಿ

ನೆಲಕ್ಕೆ ಫರಸಿ ಕಲ್ಲು ಹಾಸಲು ಚದರಕ್ಕೆ ಎಷ್ಟು ಎಂದು ಕೇಳಿದವರಿಗೆ ನಾನು ಒಂದೂವರೆ ರೂಪಾಯಿ ಎನ್ನುತ್ತೇನೆ. ಹತ್ತಡಿ ಉದ್ದ, ಹತ್ತಡಿ ಅಗಲ ಆದರೆ ಒಂದು ಚದರ. ಕಲ್ಲು ನಿಮ್ಮದು, ಸುಣ್ಣ ನಿಮ್ಮದು, ಕೈ ನಮ್ಮದು. ಕಂಟೋನ್ಮೆಂಟಿನ ದೊರೆಗಳ ಬಂಗಲೆಗೂ ಇದೇ ದರ, ಬಳ್ಳಾರಿ ಪೇಟೆಯ ಓಣಿಯ ಮನೆಗೂ ಇದೇ ದರ. ಜನ ಇದಕ್ಕೂ ಚೌಕಾಸಿ ಮಾಡುತ್ತಾರೆ. ಮಾಡಲಿ, ನಾನು ಬೇಸರಪಟ್ಟುಕೊಳ್ಳುವುದಿಲ್ಲ. ಚೌಕಾಸಿ ಮಾಡದೆ ಒಪ್ಪಿಕೊಳ್ಳುವವರನ್ನು ಕಂಡರೆ ಮಾತ್ರ ನನಗೆ ಹೆದರಿಕೆ.

ಸಿರುಗುಪ್ಪದ ಸಾಹುಕಾರ ಚೌಕಾಸಿ ಮಾಡಲಿಲ್ಲ.

ಎರಡು ಮುಂಗಾರು ಕೈಕೊಟ್ಟಿದ್ದ ವರ್ಷ ಅದು. ಬಳ್ಳಾರಿಯ ಪೇಟೆಯಲ್ಲಿ ಜೋಳದಂಗಡಿಯ ಮುಂದೆ ಪೊಲೀಸರನ್ನು ಕೂರಿಸಿದ್ದರು. ನಾನು ಕಂಟೋನ್ಮೆಂಟಿನ ಒಂದು ಬಂಗಲೆಯ ವರಾಂಡಕ್ಕೆ ಕಲ್ಲು ಕೂರಿಸುತ್ತಿದ್ದಾಗ ಈ ಸಾಹುಕಾರ ಕೊಡೆ ಹಿಡಿದುಕೊಂಡು ಬಂದು ನಿಂತ. ಕೊಡೆಯ ತುದಿಯಿಂದ ನಾಲ್ಕು ಕಲ್ಲು ಕುಟ್ಟಿ ನೋಡಿದ.

"ನಮ್ಮ ಪಡಸಾಲಿಗೂ ಹಿಂಗ ಆಗಬೇಕು. ಆರು ಚದರ ಐತಿ. ಏನು ತಗೋತಿ?"

ಹೇಳಿದೆ.

"ಮೂರು ರೂಪಾಯಿ ಕೊಡ್ತೀನಿ. ಆದ್ರ ನೀನು, ನಿನ್ನ ಕಲ್ಲು ಕಡಿಯಾಂವ, ಇಬ್ಬರ ಬರಬೇಕು. ನಮ್ಮೂರಿನ ಗೌಂಡಿ ಯಾರೂ ಬ್ಯಾಡ."

ಕಲ್ಲು ಕಡಿಯುವವನು ಎಂದರೆ ಕುರುಗೋಡಿನ ಕಲ್ಲುಕುಟಿಗ, ನನ್ನ ಜೊತೆಗಾರ. ಹನ್ನೆರಡು ವರ್ಷದಿಂದ ಅವನು ಸೀಳಿದ ಕಲ್ಲನ್ನು ನಾನು ಕೂರಿಸುತ್ತಿದ್ದೆ. ನಾನು ಬಳ್ಳಾರಿಯ ಕೋಟೆಗುಡ್ಡದ ಬುಡದವನು, ಅವನು ಕುರುಗೋಡಿನ ಗುಡ್ಡದ ಬುಡದವನು. ನಮ್ಮಿಬ್ಬರ ಮನೆಯಲ್ಲೂ ಮೊಳದಾಳ ಅಗೆದರೆ ಬಂಡೆ ಸಿಗುತ್ತದೆ. ಇದನ್ನು ಸುಮ್ಮನೆ ಹೇಳುತ್ತಿಲ್ಲ, ಎಲ್ಲ ಕೆಟ್ಟದ್ದು ಇಲ್ಲಿಂದಲೇ.

ವಿಷಯ ತಿಳಿಸಿದಾಗ ಅವನು ಉಳಿಯನ್ನು ಕೆಳಗಿಟ್ಟ. "ಎರಡು ಪಟ್ಟು ಕೊಡಾಂವ ಏನೋ ಮುಚ್ಚಿಸಾಕ ಕರೀತಾನ, ಮಿಸ್ತ್ರಿ."

"ಫರಸಿ ಅಂದ್ರ ಮುಚ್ಚೂದಲೇ. ನಡಿ, ಕಲ್ಲು ಸೀಳು," ಎಂದೆ. ಅವನ ಹೆಂಡತಿ ಮೂರು ಮಕ್ಕಳಿಗೆ ಹುಣಸೆಬೀಜ ಬೇಯಿಸಿ ಹಾಕುತ್ತಿದ್ದ ಕಾಲ. ಬೇಡ ಅನ್ನುವ ಸ್ಥಿತಿ ಅವನದಾಗಿರಲಿಲ್ಲ.

ನಾನು ಸುಣ್ಣದ ಗಾಡಿಯ ಜೊತೆ ಮೋಕದ ದಾರಿಯಲ್ಲಿ ಹೊರಟೆ. ಮೋಕ ದಾಟುವ ಮೊದಲೇ ಇಪ್ಪತ್ತು ಮೂವತ್ತು ಜನ ಕುಡುಗೋಲು ಹಿಡಿದು ಗಾಡಿಗೆ ಅಡ್ಡ ನಿಂತರು. ಚೀಲದಲ್ಲಿ ಕಾಳಿದೆ ಎಂದುಕೊಂಡು ಒಂದನ್ನು ಸೀಳಿದರು. ಸುಣ್ಣದ ಹರಳು ಸುರಿಯಿತು. ಒಬ್ಬ ಮುದುಕ ಅದನ್ನು ಬಾಯಿಗೆ ಹಾಕಿಕೊಳ್ಳಲು ಹೋದಾಗ ನಾನು ಅವನ ಕೈ ಹೊಡೆದು ಕೆಡವಿದೆ. ಅವನ ಮಗ, ತಂದೆಗೆ ಹೊಡೆದೆನೆಂದು ತಿಳಿದು, ಕಲ್ಲು ತೂರಿದ. ಅದು ಗಾಡಿ ಹೊಡೆಯುವವನ ಹಣೆಗೆ ಬಿದ್ದು ರಕ್ತ ಕಣ್ಣಿಗಿಳಿಯಿತು. ತಲೆಗೆ ಬಟ್ಟೆ ಕಟ್ಟಿಕೊಂಡು ಅವನು ಸಿರುಗುಪ್ಪದವರೆಗೂ ಬೈಯುತ್ತಲೇ ಗಾಡಿ ಹೊಡೆದ.

ಸಾಹುಕಾರನ ಪಡಸಾಲೆಯ ನೆಲ ಎರೆಮಣ್ಣಿನದು. ಎರೆ ಕೆಟ್ಟ ಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಮೇಲಿನ ಕಲ್ಲು ಒಂದು ಏರಿ ಒಂದು ಇಳಿಯುತ್ತದೆ. ಎರಡಡಿ ಮಣ್ಣು ತೆಗೆದು ಗರಸು ತುಂಬಿ, ನೀರು ಹೊಡೆದು, ದಿಮ್ಮಸಿನಿಂದ ಬಡಿದ ಮೇಲೆಯೇ ಗಾರೆ ಹಾಸಬೇಕು. ಅಗೆಯಲು ಹಾರೆ ಹಾಕಿದಾಗ ಒಳಗೋಡೆಯ ಹತ್ತಿರ ಅಗಲವಾದ ಮುಚ್ಚುಗಲ್ಲು ಸಿಕ್ಕಿತು.

"ಹಗೇವು," ಎಂದ ಸಾಹುಕಾರ. "ಜೋಳ ಐತಿ. ಇದು ಐತಿ ಅನ್ನೂದು ನನ್ನ ನೆರಳಿಗೂ ಗೊತ್ತಾಗಬಾರ್ದು. ಅದಕ್ಕ ಮೂರು ರೂಪಾಯಿ."

ನೆಲದೊಳಗೆ ಬಾವಿಯ ಹಾಗೆ ತೋಡಿ, ಸುತ್ತ ಹುಲ್ಲು ಕಟ್ಟಿ, ಕಾಳು ತುಂಬಿ ಬಾಯಿ ಮುಚ್ಚುವ ಹಗೇವುಗಳ ಬಗ್ಗೆ ಕೇಳಿದ್ದೆ, ನಮ್ಮ ಬಂಡೆಯ ನೆಲದಲ್ಲಿ ಅವಿಲ್ಲ, ನೋಡಿದ್ದು ಅದೇ ಮೊದಲು. ಮುಚ್ಚುವ ಮೊದಲು ಒಮ್ಮೆ ಕಾಳು ನೋಡಬೇಕೆಂದು ಸಾಹುಕಾರ ತನ್ನ ಕಾವಲಿನ ಆಳಿಗೆ ಹೇಳಿದ. ಆಳು ಮುಚ್ಚುಗಲ್ಲು ಸರಿಸಿ, ಒಳಗೆ ಇಳಿಯದೆ ಎದ್ದು ಹೋಗಿಬಿಟ್ಟ. ಮಧ್ಯಾಹ್ನದವರೆಗೂ ಯಾರೂ ಬರಲಿಲ್ಲ. ಆಮೇಲೆ ಬಂದು ಹಗ್ಗಕ್ಕೆ ದೀಪ ಕಟ್ಟಿ ಬಾಯಿಯೊಳಗೆ ಬಿಟ್ಟ. ಪಕ್ಕದಲ್ಲಿ ಗರಸು ಹೊರುತ್ತಿದ್ದ ಹೆಂಗಸು, ಆ ಮನೆಯ ಕೊಟ್ಟಿಗೆಯ ಆಳು, ಕೈ ಮುಗಿದಳು.

ಅರ್ಧ ದಿನದ ಕೆಲಸ ಹಾಳಾಗಿ ನನಗೆ ಮೈಯೆಲ್ಲ ಉರಿಯುತ್ತಿತ್ತು. "ಏನಕ್ಕಾ, ಹಗೇವಿಗೂ ಪೂಜಿ ಮಾಡ್ತೀರೇನು?" ಎಂದೆ.

"ಅದು ಉಸಿರು ಬಿಡಬೇಕ್ರಿ, ಮಿಸ್ತ್ರಿಯವರ. ಬಿಟ್ಟ ಮ್ಯಾಲೆ ಇಳೀಬೇಕು."

ನಾನು ನಕ್ಕೆ. ದಿಮ್ಮಸು ಎತ್ತಿಕೊಂಡು ಗರಸು ಬಡಿಯಲು ಹೋದೆ.

ಮರುದಿನ ಕುರುಗೋಡಿನಿಂದ ಕಲ್ಲಿನ ಗಾಡಿಗಳು ಬಂದವು, ಜೊತೆಗೆ ಕಲ್ಲುಕುಟಿಗನೂ ಬಂದ. ಆಳು ಆಗ ಕಾಳು ನೋಡಿಯಾಗಿ ಮುಚ್ಚುಗಲ್ಲನ್ನು ಮತ್ತೆ ಕೂರಿಸಿ ಅಂಚಿಗೆ ಮಣ್ಣು ಮೆತ್ತುತ್ತಿದ್ದ. ಕಲ್ಲುಕುಟಿಗ ಸ್ವಲ್ಪ ಹೊತ್ತು ನೋಡಿ ಕೇಳಿದ. "ಎಷ್ಟು ಚೀಲ?"

"ನಿನಗ್ಯಾಕಲೇ?" ಎಂದ ಆಳು.

ನನ್ನ ಜೊತೆಗಾರ ನನ್ನ ಕಡೆ ತಿರುಗಿದ. "ನಾ ಇದಕ್ಕ ಕಲ್ಲು ಕೊಡಂಗಿಲ್ಲ, ಮಿಸ್ತ್ರಿ. ಮೋಕದಾಗ ಜನ ಸೊಪ್ಪು ಸದಿ ತಿಂದು ವಾಂತಿ ಮಾಡ್ಕೊಳ್ಳಾಕ ಹತ್ತ್ಯಾರ. ಇಲ್ಲಿ ಇಷ್ಟು ಜೋಳ ಹೂಳಿಟ್ಟು ಮ್ಯಾಲೆ ಫರಸಿ ಹಾಕು ಅಂತಿ."

"ನಿನ್ನ ಮಕ್ಕಳಿಗೆ ಏನು ಹಾಕ್ತಿ? ನ್ಯಾಯ ಬೇಯಿಸಿ ಹಾಕ್ತಿಯೇನು?"

"ನೀ ಹಿಂಗ ಆಗ್ತಿ ಅಂತ ಅನ್ಕೊಂಡಿದ್ದಿಲ್ಲ."

ನಾನು ಅವನ ಕೆನ್ನೆಗೆ ಬಾರಿಸಿದೆ. ಹನ್ನೆರಡು ವರ್ಷದಲ್ಲಿ ಅದೇ ಮೊದಲು. ಅವನು ತಿರುಗಿ ಹೊಡೆಯಲಿಲ್ಲ. ಸುತ್ತಿಗೆ ತೆಗೆದುಕೊಂಡು ಕಲ್ಲಿನ ಅಂಚು ಬಿಡಿಸುವುದಕ್ಕೆ ಕೂತ. ನನ್ನ ಅಂಗೈ ಚುರುಚುರು ಅನ್ನುತ್ತಲೇ ಇತ್ತು.

ಸಂಜೆಯಾಗುವುದಕ್ಕೂ ಮೊದಲು ಇನ್ನೊಂದು ನಡೆಯಿತು. ಹಗೇವಿನ ಬಾಯಿಯ ಸುತ್ತ ಬಿದ್ದಿದ್ದ ಜೋಳವನ್ನು ಆ ಹೆಂಗಸು ಮಣ್ಣಿನ ಸಮೇತ ಬಳಿದು ಸೆರಗಿಗೆ ಕಟ್ಟಿಕೊಂಡಳು. ಎರಡು ಹಿಡಿ ಇದ್ದೀತು. ಆಳು ನೋಡಿದ. ಅವಳ ಕೈಯನ್ನು ಎಳೆದು ನನ್ನ ಒಂದು ಕಲ್ಲಿನ ಮೇಲೆ ಇಟ್ಟು ಕೋಲಿನ ಬುಡದಿಂದ ಕುಟ್ಟಿದ. ಮೂರು ಸಲ ಕುಟ್ಟಿದ. ಎರಡನೆಯ ಸಲಕ್ಕೆ ಬೆರಳು ಮುರಿದ ಸದ್ದು ನನಗೆ ಕೇಳಿಸಿತು.

ಮೂರನೆಯದು ಬೀಳುವಷ್ಟರಲ್ಲಿ ಕಲ್ಲುಕುಟಿಗ ಎದ್ದು ಸುತ್ತಿಗೆ ಬೀಸಿದ್ದ. ಆಳಿನ ಭುಜ ಇಳಿದುಹೋಯಿತು. ಕೊಟ್ಟಿಗೆಯ ಕಡೆಯಿಂದ ಮೂವರು ಓಡಿ ಬಂದರು. ಅವನನ್ನು ಕೆಡವಿ ಎದೆಯ ಮೇಲೆ ಒಬ್ಬ ಕೂತ, ಇಬ್ಬರು ಕೈಕಾಲಿಗೆ ಹೊಡೆದರು. ಬಲಗೈ ಮಣಿಕಟ್ಟು ಮುರಿಯಿತು. ನಾನು ನಡುವೆ ಹೋದೆ, ಇಲ್ಲವೆಂದಲ್ಲ. ಒಂದು ಏಟು ಕಿವಿಗೆ ಬಿದ್ದು ಕೂತುಬಿಟ್ಟೆ. ಎದ್ದಾಗ ಅವನನ್ನು ಹುಲ್ಲಿನ ಕೊಟ್ಟಿಗೆಗೆ ಎಳೆದುಕೊಂಡು ಹೋಗುತ್ತಿದ್ದರು.

ಸಾಹುಕಾರ ಹೊರಗೆ ಬಂದ. ದನಿ ಎತ್ತಲಿಲ್ಲ. "ಫರಸಿ ಮುಗಿದ ದಿನ ಇವನ್ನ ಬಿಡ್ತೀನಿ. ಕಲ್ಲು ಕುಟ್ಟಿ ನೋಡ್ತೀನಿ, ಎಲ್ಲೂ ಪೊಳ್ಳು ಅನ್ನಬಾರ್ದು. ಪೊಳ್ಳು ಅಂತು ಅಂದ್ರ, ಇಲ್ಲಾ ನೀ ಹೊರಗ ಬಾಯಿ ಬಿಟ್ಟಿ ಅಂದ್ರ, ಇವ ಊರಿಗೆ ಹೋಗಂಗಿಲ್ಲ."

ನಾಲ್ಕು ದಿನ ನಾನು ಆ ಮನೆಯಲ್ಲಿ ಕಲ್ಲು ಕೂರಿಸಿದೆ. ಮೊದಲು ದಾರ ಕಟ್ಟಿ, ನೀರು ಹರಿಯಲು ಬಾಗಿಲ ಕಡೆಗೆ ಒಂದು ಬೆರಳು ವಾಟ ಕೊಟ್ಟು, ರಸಮಟ್ಟ ಇಟ್ಟು ನಾಲ್ಕು ಮೂಲೆಯ ಕಲ್ಲು ನಿಲ್ಲಿಸಿದೆ. ಸುಣ್ಣಕ್ಕೆ ಇಟ್ಟಿಗೆಪುಡಿ, ಬೆಲ್ಲದ ನೀರು ಬೆರೆಸಿ ಗಾರೆ ಮಾಡಿದೆ. ಆ ಹೆಂಗಸು ಮುರಿದ ಕೈಗೆ ಬಟ್ಟೆ ಸುತ್ತಿಕೊಂಡು ಒಂದೇ ಕೈಯಲ್ಲಿ ಬುಟ್ಟಿ ಹೊತ್ತಳು. ಕಲ್ಲು ಇಳಿಸಿ, ಸುತ್ತಿಗೆಯ ಹಿಡಿಯಿಂದ ತಟ್ಟಿ, ಕಿವಿಗೊಟ್ಟು ಕೇಳಿ, ಸರಿಯಿಲ್ಲದಿದ್ದರೆ ಎತ್ತಿ ಮತ್ತೆ ಗಾರೆ ಹಾಕಿ ಕೂರಿಸಿದೆ. ಕೊಟ್ಟಿಗೆಯಿಂದ ನರಳುವ ಸದ್ದು ಬರುತ್ತಿತ್ತು. ನಾನು ಹೆಚ್ಚು ಜೋರಾಗಿ ತಟ್ಟುತ್ತಿದ್ದೆ. ಇಂಥ ಹೊತ್ತಲ್ಲೂ ಕೆಲಸ ಎಷ್ಟು ಚೆನ್ನಾಗಿ ಬಂತೆಂದರೆ ಈಗ ನೆನೆದರೆ ನಾಚಿಕೆಯಾಗುತ್ತದೆ.

ನಾಲ್ಕನೆಯ ಸಾಲಿನ ಮೂರನೆಯ ಕಲ್ಲು ಹಗೇವಿನ ಮುಚ್ಚುಗಲ್ಲಿನ ಮೇಲೆ ಬರುತ್ತಿತ್ತು. ಅಲ್ಲಿ ಸಂದಿಲ್ಲದ ಹಾಗೆ ಮರಳು ಗಿಡಿದು ತುಂಬಬೇಕು ಎಂದು ನಾನೇ ಸಾಹುಕಾರನಿಗೆ ಹೇಳಿದ್ದೆ. ಮರಳಿನ ಬುಟ್ಟಿ ಪಕ್ಕಕ್ಕಿತ್ತು. ಅಷ್ಟು ಹೊತ್ತಿಗೆ ಕೊಟ್ಟಿಗೆಯಲ್ಲಿ ಅವನು ನೀರು ಕೇಳಿದ. ಯಾರೋ ನಕ್ಕರು.

ನಾನು ಮರಳು ಹಾಕಲಿಲ್ಲ. ಅಂಚಿಗೆ ಮಾತ್ರ ಗಾರೆ ಇಟ್ಟು, ನಡುವೆ ಬರಿದು ಬಿಟ್ಟು, ಕಲ್ಲು ಮಲಗಿಸಿದೆ. ಹಸಿಗಾರೆಯ ಮೇಲೆ ಕೂತ ಕಲ್ಲು ಮೂಕ. ಸುತ್ತ ಒದ್ದೆಯಿರುವ ತನಕ ಗಟ್ಟಿಯದೂ ಪೊಳ್ಳೂ ಒಂದೇ ಸದ್ದು ಕೊಡುತ್ತವೆ. ಒಣಗಿದ ಮೇಲೆ ಪೊಳ್ಳು ತಾನಾಗಿ ಮಾತಾಡುತ್ತದೆ. ಇದು ಕೂರಿಸುವವನಿಗೆ ಗೊತ್ತು, ಕೂರಿಸಿಕೊಂಡವನಿಗೆ ಗೊತ್ತಿರುವುದಿಲ್ಲ.

ಐದನೆಯ ದಿನ ಬೆಳಿಗ್ಗೆ ಸಾಹುಕಾರ ಕೊಡೆ ತಂದ. ಸಾಲು ಹಿಡಿದು ಒಂದೊಂದೇ ಕಲ್ಲು ಕುಟ್ಟಿದ. ನಾಲ್ಕನೆಯ ಸಾಲಿಗೆ ಬಂದ. ಎರಡನೆಯದು ಕುಟ್ಟಿದ. ಮೂರನೆಯದು ಕುಟ್ಟಿದ. ಅದೇ ಮಂದ ಸದ್ದು. ಮುಂದಿನದಕ್ಕೆ ಹೋದ.

"ಚಲೋ ಆಗೇತಿ," ಎಂದ. "ಇನ್ನೇನು ಮಾಡಬೇಕು?"

"ಹದಿನೈದು ದಿನ ನೀರು ಕಟ್ಟಿಸ್ರಿ. ಒಣಗಿದ್ರ ಸುಣ್ಣ ಪುಡಿ ಆಕ್ಕೈತಿ," ಎಂದೆ. ಪ್ರತಿ ಮನೆಯಲ್ಲೂ ಹೇಳುವ ಮಾತು, ಬಾಯಿ ತಾನಾಗಿ ಹೇಳಿತು.

ಹೇಳಿದ ಕೂಲಿಯನ್ನು ಸಾಹುಕಾರ ಪೂರ್ತಿ ಕೊಟ್ಟ, ಅದರಲ್ಲಿ ಮೋಸ ಮಾಡಲಿಲ್ಲ. ಕಲ್ಲುಕುಟಿಗನನ್ನು ಗಾಡಿಯಲ್ಲಿ ಮಲಗಿಸಿದೆ. ಕುರುಗೋಡಿನ ದಾರಿಯಲ್ಲಿ ಅವನ ಕಿವಿಯ ಹತ್ತಿರ ಬಾಗಿ, ನಾಲ್ಕನೆಯ ಸಾಲು, ಮೂರನೆಯ ಕಲ್ಲು, ತಿಂಗಳೊಳಗೆ ಅದು ಮಾತಾಡುತ್ತದೆ, ಕುಟ್ಟಿ ನೋಡಿದವರಿಗೆ ಹಗೇವು ಸಿಗುತ್ತದೆ ಎಂದೆ. ಅವನು ಕಣ್ಣು ಬಿಟ್ಟು ನನ್ನನ್ನೇ ನೋಡಿದ.

"ಹಂಗಾದ್ರ ಆ ಏಟು ಮಾಫಿ," ಎಂದ. ನಾನು ಗಾಡಿಯ ಹಿಂದೆ ನಡೆಯುತ್ತ ಅತ್ತೆ.

ಒಂದು ತಿಂಗಳ ಮೇಲೆ ಅವನು ಬಳ್ಳಾರಿಗೆ ನಡೆದುಕೊಂಡು ಬಂದ. ಬಲಗೈ ಸೊಟ್ಟಗೆ ಕೂಡಿಕೊಂಡಿತ್ತು, ಉಳಿ ಹಿಡಿಯುವಂತಿರಲಿಲ್ಲ. ಕಿರಿಯ ಮಗುವಿಗೆ ಕಾಲು ಊದಿವೆ ಎಂದ. ಸಾಹುಕಾರನ ಮನೆಯನ್ನು ಸರಕಾರದವರು ಬಂದು ನೋಡಿ, ಏನೂ ಕಾಣದೆ ಹಿಂದಿರುಗಿದ್ದಾರೆ ಎಂದೂ ಹೇಳಿದ.

"ನಮ್ಮ ಕಡಿಯಿಂದ, ಮೋಕದ ಕಡಿಯಿಂದ ಜನ ನಾಳೆ ಹೊಂಟಾರ. ನೀ ಮುಚ್ಚಿದಿ. ನೀನ ಬಂದು ತೆಗಿ."

ಹೋದೆ.

ಬೆಳಗಿನ ಹೊತ್ತು. ಇನ್ನೂರು ಜನ ಇದ್ದರೋ ಮುನ್ನೂರು ಇದ್ದರೋ ತಿಳಿಯದು. ತಲಬಾಗಿಲು ಮೂರು ಗುದ್ದಿಗೆ ಮುರಿಯಿತು. ಕಾವಲಿನ ಆಳು ಕೋಲು ಹಿಡಿದು ಎದುರಿಗೆ ಬಂದ. ಯಾರೋ ಒನಕೆಯಿಂದ ಹೊಡೆದರು, ಅವನು ನಿಂತಲ್ಲೇ ಕುಸಿದ, ಮೇಲೇಳಲಿಲ್ಲ. ಸಾಹುಕಾರನ ರುಮಾಲು ಕಿತ್ತು ಅದರಿಂದಲೇ ಅವನನ್ನು ಕಂಬಕ್ಕೆ ಕಟ್ಟಿದರು. ಅವನ ಗಾದಿ ಈಗ ಒಳಗೋಡೆಯ ಪಕ್ಕ, ಸರಿಯಾಗಿ ಆ ಮೂಲೆಯಲ್ಲಿತ್ತು. ಕಲ್ಲು ಮಾತಾಡಿದ್ದು ಅವನಿಗೂ ಕೇಳಿಸಿತ್ತು ಎಂದು ಅರ್ಥವಾಯಿತು. ಇನ್ನೊಬ್ಬ ಗೌಂಡಿಯನ್ನು ಕರೆಸಿದರೆ ಇನ್ನೊಂದು ಬಾಯಿಗೆ ಗೊತ್ತಾಗುತ್ತದೆ, ಅದಕ್ಕೆ ಮೇಲೆ ತಾನೇ ಕೂತಿದ್ದ.

ಗಾದಿ ಎಳೆದು ಎಸೆದೆ. ಮಂಡಿಯೂರಿ ಸುತ್ತಿಗೆಯ ಹಿಡಿಯಿಂದ ತಟ್ಟಿದೆ. ಆ ಗದ್ದಲದಲ್ಲೂ ಅದು ಖಾಲಿ ಕೊಡದ ಹಾಗೆ ಅಂದಿತು. ಸಂದಿಗೆ ಉಳಿ ಕೊಟ್ಟು, ಹಾರೆ ಹಾಕಿ ಮೀಟಿದೆವು. ಕೆಳಗಿನ ಮುಚ್ಚುಗಲ್ಲಿನ ಅಂಚಿನ ಮಣ್ಣು ನೆನೆದು ಮೆತ್ತಗಾಗಿತ್ತು. ಅದನ್ನೂ ಸರಿಸಿದಾಗ ಹುಳಿ ವಾಸನೆ ಮುಖಕ್ಕೆ ಹೊಡೆಯಿತು, ಬಿಸಿಯಾಗಿ. ಹಳೆ ಜೋಳ ಹೀಗೇ ನಾರುತ್ತದೇನೋ ಎಂದುಕೊಂಡೆ.

ಕಲ್ಲುಕುಟಿಗ ಸೊಂಟಕ್ಕೆ ಹಗ್ಗ ಕಟ್ಟಿಕೊಂಡಾಗಿತ್ತು. "ನಾ ಮೊದಲು. ನನ್ನ ಕೈ ಮುರಿದದ್ದು ಇದಕ್ಕ," ಎಂದ. ಯಾರೂ ಬೇಡ ಅನ್ನಲಿಲ್ಲ. ಹಗ್ಗ ನನ್ನ ಕೈಯಲ್ಲಿತ್ತು. ಅವನ ತಲೆ ಬಾಯಿಯಿಂದ ಕೆಳಗಿಳಿಯುತ್ತಿದ್ದಾಗ ಅಂಗಳದ ಕಡೆಯಿಂದ ಒಂದು ಹೆಣ್ಣು ದನಿ ಜನರನ್ನು ಸೀಳಿಕೊಂಡು ಬರುತ್ತಿತ್ತು.

"ಉಸಿರು ಬಿಟ್ಟಿಲ್ಲ ಅದು. ಯಾರನ್ನೂ ಇಳಿಸಬ್ಯಾಡ್ರಿ. ಮಿಸ್ತ್ರಿಯವರ, ಉಸಿರು ಬಿಟ್ಟಿಲ್ಲ."

ಗಾರೆ ಹೊತ್ತವಳು. ಆ ಮಾತು ಎರಡನೆಯ ಸಲ ಕೇಳಿದಾಗ ನನಗೆ ದೀಪ ನೆನಪಾಯಿತು. ದೀಪ ಪೂಜೆಗಲ್ಲ, ಒಳಗಿನ ಗಾಳಿ ಕೆಟ್ಟಿದೆಯೋ ಎಂದು ನೋಡುವುದಕ್ಕೆ. ಹಗ್ಗ ಎಳೆದೆ. ಬರಿ ಹಗ್ಗ ಬಂತು. ಕಾಳಿನ ಮೇಲೆ ಕಾಲಿಟ್ಟ ಕೂಡಲೇ ಅದೇ ಹಗ್ಗದಲ್ಲಿ ಚೀಲ ಇಳಿಸಲೆಂದು ಅವನು ಅದನ್ನು ಸೊಂಟದಿಂದ ಬಿಚ್ಚಿಬಿಟ್ಟಿದ್ದ. ಹೆಸರು ಹಿಡಿದು ಕೂಗಿದೆ. ಒಳಗೆ ಏನೋ ಜಾರಿ ಕುಸಿದ ಸದ್ದಾಯಿತು, ಅಷ್ಟೇ.

ಮೋಕದ ಒಬ್ಬ ಗಂಡಾಳು, ಎತ್ತಿ ತರುತ್ತೇನೆಂದು, ನಾವು ತಡೆಯುವಷ್ಟರಲ್ಲಿ ಧುಮುಕಿದ. ಅವನೂ ಮಾತಾಡಲಿಲ್ಲ. ಮೂರನೆಯವನು ನಾನಾಗುತ್ತಿದ್ದೆ. ಕಾಲು ಇಳಿಬಿಟ್ಟಿದ್ದೆ. ಅವಳು ಹಿಂದಿನಿಂದ ನನ್ನ ಕೂದಲಿಗೆ ಕೈಹಾಕಿ ಎಳೆದು ಕೆಡವಿ, ಆ ಸೊಟ್ಟ ಬೆರಳಿನ ಕೈಯಿಂದಲೇ ನನ್ನ ಮುಖಕ್ಕೆ ಹೊಡೆದಳು, ಮತ್ತೆ ಹೊಡೆದಳು. "ಹೇಳಿದ್ದಿಲ್ಲೇನು ನಾ. ನಗತಿದ್ದಿ ನೀನು. ಹೇಳಿದ್ದಿಲ್ಲೇನು."

ಆಮೇಲೆ ಅವಳು ಹೇಳಿದ ಹಾಗೆ ಮಾಡಿದೆವು. ಕಂಬಳಿ ಬೀಸಿ ಗಾಳಿ ಹಾಕಿದೆವು. ದೀಪ ಬಿಟ್ಟೆವು, ಆಳುದ್ದ ಇಳಿಯುವುದರೊಳಗೆ ಆರಿತು. ಮತ್ತೆ ಬೀಸಿದೆವು. ಹೊತ್ತು ನೆತ್ತಿಗೆ ಬಂದಾಗ ದೀಪ ಉರಿಯಿತು. ಇಬ್ಬರನ್ನೂ ಮೇಲೆ ತಂದಾಗ ಮೈ ಇನ್ನೂ ಬೆಚ್ಚಗಿತ್ತು, ಆದರೆ ಅದು ಜೋಳದ ಕಾವು. ಮೇಲಿನ ಗೇಣುದ್ದ ಜೋಳ ಕಪ್ಪಾಗಿ, ಮೊಳೆತು, ಕೊಳೆತು ಮುದ್ದೆಯಾಗಿತ್ತು. ಹದಿನೈದು ದಿನ ಕಟ್ಟಿಸಿದ ನೀರು ನಾನು ಬರಿದು ಬಿಟ್ಟ ಕಡೆಯಿಂದ ಇಳಿದಿತ್ತು. ಮರಳು ಗಿಡಿದಿದ್ದರೆ ನೀರು ಹೋಗುತ್ತಿರಲಿಲ್ಲ, ಕಾಳು ಕೊಳೆಯುತ್ತಿರಲಿಲ್ಲ. ಎರೆಯ ನೆಲದವರು ಯಾರಾದರೂ ಹಗ್ಗ ಹಿಡಿದಿದ್ದರೆ ಅವನನ್ನು ಇಳಿಸುತ್ತಿರಲಿಲ್ಲ. ಹಗ್ಗ ಹಿಡಿದವನು ಗುಡ್ಡದ ಬುಡದವನು, ಇಳಿದವನೂ ಗುಡ್ಡದ ಬುಡದವನು.

ನಾನು ಎದ್ದು ಕಂಬದ ಹತ್ತಿರ ಹೋಗಿ ಸಾಹುಕಾರನನ್ನು ಹೊಡೆದೆ. ಹಲ್ಲು ಬಿದ್ದವು, ನನ್ನ ಗೆಣ್ಣು ಸುಲಿಯಿತು. ಕಟ್ಟಿಹಾಕಿದವನನ್ನು ಹೊಡೆಯಬಾರದೆಂದು ಗೊತ್ತಿತ್ತು. ಕೊನೆಗೆ ಅವಳೇ ಬಂದು, "ಸಾಕು, ಅವರ ಮಕ್ಕಳಿಗೆ ಕಾಳು ಒಯ್ರಿ," ಎಂದಳು.

ಕೆಳಗಿನ ಜೋಳ ಒಣಗಿ ಚೆನ್ನಾಗಿಯೇ ಇತ್ತು. ಜನ ಚೀಲ, ಸೆರಗು, ಧೋತರ ಸಿಕ್ಕಿದ್ದರಲ್ಲಿ ತುಂಬಿಕೊಂಡರು. ಎರಡು ಚೀಲ ತಾವಾಗಿ ತಂದು ನನ್ನ ಗಾಡಿಯಲ್ಲಿ, ಅವನ ಪಕ್ಕದಲ್ಲಿ ಇಟ್ಟರು. ಪೊಲೀಸರು ಬಂದಾಗ ನಾವು ಕುರುಗೋಡಿನ ದಾರಿಯಲ್ಲಿದ್ದೆವು.

ಅವನನ್ನು ಗುಡ್ಡದ ಕೆಳಗೆ ಮಣ್ಣು ಮಾಡಿದೆವು. ಮೊಳದಾಳಕ್ಕೆ ಬಂಡೆ ಹತ್ತಿತು. ಮೂರು ಕಡೆ ಅಗೆದ ಮೇಲೆ ಜಾಗ ಸಿಕ್ಕಿತು. ಮುಗಿಸಿ ಮನೆಯ ಕಟ್ಟೆಯ ಮೇಲೆ ಕೂತಿದ್ದೆ. ಅವನ ಹೆಂಡತಿಗೆ ನಾನು ಎಲ್ಲ ಹೇಳಿದ್ದೆ, ಮರಳು ಹಾಕದ್ದನ್ನೂ, ನಕ್ಕದ್ದನ್ನೂ. ಕೇಳಿ ಅವಳು ಎದ್ದು ಒಳಗೆ ಹೋಗಿದ್ದಳು. ಒಳಗೆ ಬೀಸುವ ಕಲ್ಲಿನ ಸದ್ದು ಕೇಳಿತು, ಆಮೇಲೆ ರೊಟ್ಟಿ ಬಡಿಯುವ ಸದ್ದು. ಮೂರು ಮಕ್ಕಳು ಒಲೆಯ ಮುಂದೆ ಕೂತು ಸುಡುವುದಕ್ಕೂ ಬಿಡದೆ ತಿಂದವು.

ಅವಳು ಒಂದು ರೊಟ್ಟಿ ತಂದು ನನ್ನ ಮುಂದಿಟ್ಟಳು. ನಾನು ಮುಟ್ಟಲಿಲ್ಲ.

"ತಿನ್ರಿ ಅಣ್ಣಾ," ಎಂದಳು. "ಭಾಳ ತುಟ್ಟಿ ಜೋಳ ಅದು. ಚೆಲ್ಲಬಾರ್ದು."

ಅವಳು ಅಲ್ಲೇ ನಿಂತಿದ್ದಳು. ನಾನು ತಿಂದೆ, ಪೂರ್ತಿ ತಿಂದೆ.